ಕನಕಗಿರಿಗೆ ಹೊರಟವರಿಗೆ ಒಂದು ಮಾತು

ತಮ್ಮಂದಿರೇ, ತಂಗಿಯಂದಿರೇ,

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನೀವು ಈಗ ಒಂದು ದಿನ ರಜೆ ಸಿಕ್ಕರೆ ಸಾಕು, ಬೈಕು ಹತ್ತಿ ಹೊರಟುಬಿಡುತ್ತೀರಿ. ಅಂಜನಾದ್ರಿಯ ಮೆಟ್ಟಿಲು ಹತ್ತುತ್ತೀರಿ, ಆನೆಗೊಂದಿಯಲ್ಲಿ ಹೊಳೆಯ ದಂಡೆಗೆ ಕೂಡುತ್ತೀರಿ, ಹುಲಿಗಿಯಲ್ಲಿ ಅಮ್ಮನಿಗೆ ಕಾಯಿ ಒಡೆಸುತ್ತೀರಿ. ಹೊತ್ತು ಉಳಿದರೆ ಕನಕಗಿರಿಗೂ ಬಂದು ಹೋಗುತ್ತೀರಿ. ನೀವು ಹೀಗೆ ತಿರುಗಾಡುವುದು ನನಗೆ ಸಂತೋಷದ ಸಂಗತಿ. ನಮ್ಮ ಕಾಲದಲ್ಲಿ ಇನ್ನೊಂದು ಊರು ನೋಡಬೇಕೆಂದರೆ ಜಾತ್ರೆ ಬರಬೇಕಿತ್ತು, ಇಲ್ಲವೇ ಬೀಗರ ಮನೆಯಲ್ಲಿ ಮದುವೆ ಇರಬೇಕಿತ್ತು. ಚಕ್ಕಡಿ ಹೂಡಿ, ಬುತ್ತಿ ಕಟ್ಟಿಕೊಂಡು ಹೊರಟರೆ ಹೋಗಿ ಮುಟ್ಟುವುದರಲ್ಲಿ ಹೊತ್ತು ಮುಳುಗುತ್ತಿತ್ತು. ಅಷ್ಟು ಕಷ್ಟಪಟ್ಟು ಹೋದವರು ಬೇಗ ಹೊರಡುತ್ತಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು, ಕಂಬ ಕಂಬ ನೋಡಿ, ಹಿರಿಯರ ಬಾಯಿಂದ ಕಥೆ ಕೇಳಿ, ಅಲ್ಲೇ ಮಲಗಿ ಎದ್ದು ಬರುತ್ತಿದ್ದರು.

ಈಗ ಹೋಗುವುದು ಸುಲಭವಾಗಿದೆ, ನಿಲ್ಲುವುದು ಕಷ್ಟವಾಗಿದೆ. ನನಗಿರುವ ಚಿಂತೆ ಇದೇ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುವ ಮಾತನ್ನು ನೀವೆಲ್ಲ ಮನೆಯಲ್ಲಿ ಕೇಳಿ ಬೆಳೆದವರು. ಹಂಪಿ ಹರಡಿಕೊಂಡ ಊರು, ಅದಕ್ಕೆ ನಡೆಯುವ ಕಾಲು ಬೇಕು. ಕನಕಗಿರಿಯಲ್ಲಿ ನೋಡಬೇಕಾದ್ದು ಒಂದೇ ಅಂಗಳದಲ್ಲಿ ತುಂಬಿಕೊಂಡಿದೆ, ಅದಕ್ಕೆ ತಾಳ್ಮೆಯ ಕಣ್ಣು ಬೇಕು. ಅಲ್ಲಿನ ಮಂಟಪದಲ್ಲಿ ಕೂತು ಬಂದು ಹೋಗುವವರನ್ನು ನಾನು ಗಮನಿಸಿದ್ದೇನೆ. ಹುಡುಗರು ಒಳಗೆ ಬರುತ್ತಾರೆ, ಕೈ ಮುಗಿಯುತ್ತಾರೆ, ಮೊಬೈಲು ಎತ್ತುತ್ತಾರೆ, ನಾಲ್ಕು ಫೋಟೊ ತೆಗೆದು ಹೊರಟುಹೋಗುತ್ತಾರೆ. ಅವರಲ್ಲೊಬ್ಬನನ್ನು ಹತ್ತಿರ ಕರೆದು "ಏನೇನು ನೋಡಿದೆಪಾ?" ಎಂದು ಕೇಳಿದೆ. "ಗೋಪುರ ಭಾಳ ಚಲೋ ಐತ್ರಿ ಅಜ್ಜಾರ" ಎಂದ. "ಮರದ ಮೂರ್ತಿ ನೋಡಿದೇನು?" ಎಂದೆ. ಅವನು ಗೆಳೆಯರ ಮುಖ ನೋಡಿದ. ಅವನು ಒಳ್ಳೆಯ ಹುಡುಗ. ನಿಂತು ನೋಡು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಆ ಕೆಲಸವನ್ನು ನಾನು ಇಲ್ಲಿ ಮಾಡುತ್ತಿದ್ದೇನೆ.

ಗಂಗಾವತಿಯಿಂದ ಕನಕಗಿರಿ ಸುಮಾರು 20 ಕಿಲೋಮೀಟರ್. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿ ನಾಯಕ ಮನೆತನದವರು ಆಳುತ್ತಿದ್ದರು. ಕನಕಾಚಲಪತಿಯ ಗುಡಿಯನ್ನು ಬೆಳೆಸಿದವರು ಅವರೇ. ಊರ ಹೊರಗೆ ವೆಂಕಟಪ್ಪ ನಾಯಕ ಕಟ್ಟಿಸಿದ ಬಾವಿ ಇದೆ, ಅದನ್ನೂ ತಪ್ಪದೆ ನೋಡಿ. ಗುಡಿಯೊಳಗೆ ಮೂರು ಬಗೆಯ ಕೆಲಸ ಒಟ್ಟೊಟ್ಟಿಗೆ ಕಾಣುತ್ತದೆ: ಕರಿಕಲ್ಲಿನಲ್ಲಿ ಕಡೆದ ರಾಜ ರಾಣಿಯರ ಪ್ರತಿಮೆಗಳು, ಗಾರೆಯಲ್ಲಿ ತಿದ್ದಿದ ಗೊಂಬೆಗಳು, ಮರದಲ್ಲಿ ಕೆತ್ತಿದ ಪುರಾಣದ ದೊಡ್ಡ ದೊಡ್ಡ ಮೂರ್ತಿಗಳು. ಕಲ್ಲು, ಗಾರೆ, ಮರ ಈ ಮೂರನ್ನೂ ಒಂದೇ ಸೂರಿನಡಿ ನೋಡುವ ಭಾಗ್ಯ ಹಂಪಿಯ ಎಷ್ಟೋ ಗುಡಿಗಳಲ್ಲೂ ನಿಮಗೆ ಸಿಗುವುದಿಲ್ಲ. ಇವುಗಳಲ್ಲಿ ಮರದ ಬಗ್ಗೆಯೇ ನಾನು ಹೆಚ್ಚು ಹೇಳಬೇಕಾಗಿದೆ. ಮೂರರಲ್ಲಿ ಅದೇ ಬಲು ಸೂಕ್ಷ್ಮದ್ದು.

ನಮ್ಮ ಜಿಲ್ಲೆ ಕಲ್ಲಿನ ಜಿಲ್ಲೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕ ಬರೆಸಿದ ಶಾಸನಗಳಿವೆ. 2,200 ವರ್ಷಗಳಿಗೂ ಹೆಚ್ಚು ಕಾಲ ಮಳೆ ಬಿಸಿಲು ಉಂಡ ಅಕ್ಷರಗಳು ಅವು. ಇಟಗಿಯ ಮಹಾದೇವ ಗುಡಿ 1112ರದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದ. ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನಡುವೆ ಎಷ್ಟೋ ಅರಸುಮನೆತನಗಳು ಬಂದು ಹೋದವು, ಎಷ್ಟೋ ವರ್ಷ ಅದರ ಹತ್ತಿರ ಸುಳಿದವರೇ ಕಡಿಮೆ ಇದ್ದಿರಬಹುದು. ಆದರೂ ಅದು ನಿಂತಿದೆ. ಜನ ಮರೆತರೂ ಕಲ್ಲು ಒಂದಷ್ಟು ಕಾಲ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ಮರ ಹಾಗಲ್ಲ. ಒಂದು ತಲೆಮಾರು ಅದನ್ನು ಮರೆತರೆ ಮುಂದಿನ ತಲೆಮಾರಿಗೆ ನೋಡಲು ಏನೂ ಉಳಿಯುವುದಿಲ್ಲ. ಗೆದ್ದಲು ಒಂದು ಮಳೆಗಾಲದಲ್ಲಿ ಒಳಗಿನದನ್ನೆಲ್ಲ ತಿಂದು ಹೊರಗಿನ ಸಿಪ್ಪೆ ಮಾತ್ರ ಬಿಟ್ಟಿರುತ್ತದೆ. ಕುಟ್ಟೆ ಹುಳ ಸಣ್ಣ ತೂತು ಕೊರೆದು ಹಿಟ್ಟು ಉದುರಿಸುತ್ತದೆ. ಸೂರು ಸೋರಿದರೆ ಕೊಳೆಯುತ್ತದೆ, ಬಿಸಿಲು ಬಡಿದರೆ ಸೀಳುತ್ತದೆ, ಎಣ್ಣೆ ದೀಪ ಹತ್ತಿರವಿದ್ದರೆ ಕರಿ ಹಿಡಿಯುತ್ತದೆ. ನಮ್ಮ ಕಡೆ ಸಾವಿರ ವರ್ಷದ ಕಲ್ಲಿನ ಗುಡಿಗಳು ಊರಿಗೊಂದು ಸಿಗುತ್ತವೆ, ಆ ಕಾಲದ ಮರದ ಕೆಲಸ ಒಂದೂ ಕಣ್ಣಿಗೆ ಬೀಳುವುದಿಲ್ಲ. ಆ ಗುಡಿಗಳಿಗೆ ಬಾಗಿಲು ಇರಲಿಲ್ಲವೇ, ತೇರು ಇರಲಿಲ್ಲವೇ, ಪಲ್ಲಕ್ಕಿ ಇರಲಿಲ್ಲವೇ? ಎಲ್ಲವೂ ಇದ್ದಿರಬೇಕು. ಹಾಗಾಗಿ ಕನಕಗಿರಿಯಲ್ಲಿ ಒಂದು ಮರದ ಮೂರ್ತಿಯ ಮುಂದೆ ನೀವು ನಿಂತಾಗ, ಅದನ್ನು ಕೆತ್ತಿದವನ ಜೊತೆಗೆ, ಅವನ ನಂತರ ಅದನ್ನು ಒರೆಸಿ, ಮುಚ್ಚಿ, ಹುಳ ಬಿದ್ದಾಗ ಗಮನಿಸಿ ಇಲ್ಲಿಯವರೆಗೆ ತಂದು ಮುಟ್ಟಿಸಿದ ಜನರನ್ನೂ ನೆನೆಯಿರಿ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಮರದ ಈ ಸ್ವಭಾವ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ ಅವರು ಮರದ ದೇವರ ಸುತ್ತ ಒಂದು ನಡಾವಳಿ ಕಟ್ಟಿದರು. ನಿಮ್ಮೂರಲ್ಲಿ ದ್ಯಾಮವ್ವನ ಜಾತ್ರೆ ಯಾವಾಗ ಆಗುತ್ತದೆ, ಕೇಳಿ ನೋಡಿ. ಮೂರು ವರ್ಷಕ್ಕೋ, ಐದು ವರ್ಷಕ್ಕೋ, ಇನ್ನೂ ತಡವಾಗಿಯೋ ಆಗುತ್ತದೆ. ಜಾತ್ರೆಗೆ ಮೊದಲು ದೇವಿಯನ್ನು ಬಣ್ಣಕ್ಕೆ ಕಳಿಸುತ್ತಾರೆ. ಕೆಲಸದವರು ಹಳೆಯ ಬಣ್ಣ ತೆಗೆದು, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಹುಳ ಹಿಡಿದಿದೆ ಎಂದು ನೋಡಿ, ಸರಿಪಡಿಸಿ, ಹೊಸ ಬಣ್ಣ ಕೊಡುತ್ತಾರೆ. ಆಮೇಲೆ ಊರೆಲ್ಲ ಸೇರಿ ಡೊಳ್ಳು ಬಡಿಯುತ್ತ ಅಮ್ಮನನ್ನು ಕರೆತರುತ್ತದೆ. ಶಿರಸಿಯ ಮಾರಿಕಾಂಬೆಯೂ ಮರದ ಮೂರ್ತಿಯೇ. ಅಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ. ಪುರಿಯ ಜಗನ್ನಾಥನದು ಬೇವಿನ ಮರದ ಮೂರ್ತಿ. ಅಧಿಕ ಆಷಾಢ ಬಂದ ವರ್ಷ ಹೊಸ ಮೂರ್ತಿ ಮಾಡುತ್ತಾರೆ, ಕೊನೆಯ ಸಲ ಮಾಡಿದ್ದು 2015ರಲ್ಲಿ. ಅಲ್ಲಿನ ತೇರುಗಳನ್ನಂತೂ ಪ್ರತಿ ವರ್ಷ ಹೊಸದಾಗಿಯೇ ಕಟ್ಟುತ್ತಾರೆ. ದೂರದ ಜಪಾನಿನ ಇಸೆ ಎಂಬಲ್ಲಿ ಮರದ ದೇವಾಲಯವನ್ನು 20 ವರ್ಷಕ್ಕೊಮ್ಮೆ ಹಳೆಯದರ ಪಕ್ಕದಲ್ಲೇ ಹಾಗೆಯೇ ಹೊಸದಾಗಿ ಕಟ್ಟುವ ಪದ್ಧತಿ 1,300 ವರ್ಷಗಳಿಂದ ನಡೆದು ಬಂದಿದೆ. ಕೊನೆಯ ಸಲ ಕಟ್ಟಿದ್ದು 2013ರಲ್ಲಿ. ಇದರಿಂದ ಆಗುವ ಲಾಭ ಗಮನಿಸಿ. 20 ವರ್ಷಕ್ಕೊಮ್ಮೆ ಕೆಲಸ ಬರುವುದರಿಂದ ಅಜ್ಜ ಮಾಡಿದ್ದನ್ನು ಮಗ ನೋಡುತ್ತಾನೆ, ಮಗ ಮಾಡುವಾಗ ಮೊಮ್ಮಗ ಉಳಿ ಹಿಡಿಯುತ್ತಾನೆ. ಗುಡಿಯ ಜೊತೆಗೆ ಕೈಯ ವಿದ್ಯೆಯೂ ಉಳಿಯುತ್ತದೆ. ನಮ್ಮ ದ್ಯಾಮವ್ವನ ಬಣ್ಣದ ಪದ್ಧತಿಯೂ ಇದೇ ಕೆಲಸ ಮಾಡುತ್ತಿತ್ತು. ಕೆತ್ತುವವನ ಮನೆಗೆ ಕೆಲಸ ಮುಟ್ಟಿಸುವ ದಾರಿ ಅದು.

ಈಗ ಏನಾಗುತ್ತಿದೆ ನೋಡಿ. ಊರೂರಿಗೆ ಯುವಕ ಸಂಘಗಳಾಗಿವೆ. ಬಹಳ ಒಳ್ಳೆಯದು. ಹಣ ಕೂಡಿಸುವ ಶಕ್ತಿ ನಿಮಗಿದೆ, ಬೆಂಗಳೂರು, ಗೋವಾ, ಮಂಗಳೂರಿಗೆ ದುಡಿಯಲು ಹೋದವರೂ ಊರಿನ ಗುಡಿಗೆಂದರೆ ಕೈ ಬಿಚ್ಚಿ ಕೊಡುತ್ತಾರೆ. ಆದರೆ ಹಣ ಕೂಡಿದ ಕೂಡಲೇ ಮೊದಲು ಮಾಡುವ ಕೆಲಸ ಹಳೆಯ ಗುಡಿ ಕೆಡವುವುದು. ಜೀರ್ಣೋದ್ಧಾರ ಎಂದು ಅದಕ್ಕೆ ಹೆಸರು. ಮರದ ಕಂಬ, ಬೋದಿಗೆ, ತೊಲೆ, ಜಂತಿ ಎಲ್ಲ ಕಿತ್ತು ಹಾಕಿ ಸಿಮೆಂಟಿನ ಛತ್ತು ಹಾಕಿಸುತ್ತೀರಿ, ಗೋಡೆಗೆ ಟೈಲ್ಸ್ ಹಚ್ಚಿಸುತ್ತೀರಿ, ಬಾಗಿಲಿಗೆ ಸ್ಟೀಲಿನ ಗೇಟು ಕೂಡಿಸುತ್ತೀರಿ. ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಹನುಮಪ್ಪನ ಗುಡಿಗೆ ಒಂದು ಬಾಗಿಲವಾಡ ಇತ್ತು. ನಡು ಪಟ್ಟಿಯಲ್ಲಿ ಗಜಲಕ್ಷ್ಮಿ, ಎರಡೂ ಕಡೆ ಬಳ್ಳಿ, ಬಳ್ಳಿಯ ತಿರುವು ತಿರುವಿನಲ್ಲಿ ಒಂದೊಂದು ಹಕ್ಕಿ. ಒಂದು ಹಕ್ಕಿಯ ಹಾಗೆ ಇನ್ನೊಂದಿರಲಿಲ್ಲ. ಚಿಕ್ಕವನಿದ್ದಾಗ ನಾನು ಆ ಹಕ್ಕಿಗಳನ್ನು ಬೆರಳಿಟ್ಟು ಎಣಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಹೋದಾಗ ಗುಡಿ ಹೊಸದಾಗಿತ್ತು. ಬಾಗಿಲವಾಡ ಎಲ್ಲಿ ಎಂದು ಕೇಳಿದರೆ, ಗುಡಿ ಕೆಡವಿದಾಗ ಬಂದ ಕಟ್ಟಿಗೆಯನ್ನೆಲ್ಲ ಕಳಸದ ದಿನ ಅನ್ನದ ಒಲೆಗೆ ಹಾಕಿದರೆಂದು ಹೇಳಿದರು. ಹೇಳಿದ ಹುಡುಗರ ಮುಖದಲ್ಲಿ ಕೆಟ್ಟ ಭಾವ ಇರಲಿಲ್ಲ. ದೇವರ ಕೆಲಸ ಮಾಡಿದ ತೃಪ್ತಿಯೇ ಇತ್ತು. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಕೇಡು ಬಯಸಿ ಹಾಳು ಮಾಡುವವರನ್ನು ತಡೆಯಬಹುದು, ಭಕ್ತಿಯಿಂದ ಹಾಳು ಮಾಡುವವರಿಗೆ ತಿಳಿ ಹೇಳದೆ ಬೇರೆ ದಾರಿಯಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮೂರಿನ ಗುಡಿ ಸರಿ ಮಾಡಿಸುವ ಮಾತು ಬಂದಾಗ ಮೊದಲು ಅದರಲ್ಲಿ ಏನೇನಿದೆ ಎಂದು ನೋಡಿ, ಫೋಟೊ ತೆಗೆದಿಡಿ. ಹೌದು, ಅದಕ್ಕೆ ನಿಮ್ಮ ಮೊಬೈಲು ಬೇಕೇ ಬೇಕು. ಸೋರುವ ಮಾಳಿಗೆಯನ್ನು ಸರಿಪಡಿಸಲು ಇಡೀ ಗುಡಿ ಕೆಡವಬೇಕಾಗಿಲ್ಲ. ಹೊಸದು ಕಟ್ಟಲೇಬೇಕೆಂದರೂ ಹಳೆಯ ಬಾಗಿಲವಾಡ, ಹಳೆಯ ಕಂಬಗಳನ್ನು ಹೊಸ ಗುಡಿಯಲ್ಲಿ ಕೂಡಿಸಲು ಒಬ್ಬ ಒಳ್ಳೆಯ ಬಡಿಗೇರನಿಂದ ಸಾಧ್ಯ. ಮರದ ಮೂರ್ತಿಗೆ, ತೇರಿನ ಗೊಂಬೆಗೆ ಅಂಗಡಿಯ ಆಯಿಲ್ ಪೇಂಟ್ ಬಳಿಯಬೇಡಿ. ಹೊಳೆಯುತ್ತದೆ ನಿಜ. ಆದರೆ ಆ ದಪ್ಪ ಪದರದ ಕೆಳಗೆ ತೇವ ಸಿಕ್ಕಿಕೊಂಡು ಮರ ಒಳಗಿಂದ ಕೊಳೆಯುತ್ತದೆ. ಉಳಿಯ ತುದಿಯಲ್ಲಿ ಬಿಡಿಸಿದ ಕಣ್ಣ ರೆಪ್ಪೆ, ಮೂಗುತಿ, ಸೀರೆಯ ನಿರಿಗೆ ಎಲ್ಲ ಬಣ್ಣದಲ್ಲಿ ಮುಳುಗಿ ಮುದ್ದೆಯಾಗುತ್ತದೆ. ಕೆತ್ತನೆಯ ಕಂಬಕ್ಕೆ ಮೊಳೆ ಹೊಡೆದು ಲೈಟು ಕಟ್ಟಬೇಡಿ, ಬ್ಯಾನರ್ ಬಿಗಿಯಬೇಡಿ. ಮೊಳೆ ತುಕ್ಕು ಹಿಡಿದ ಕಡೆಯಿಂದಲೇ ಮರ ಸೀಳುತ್ತದೆ.

ಇನ್ನು ಕಿನ್ನಾಳದ ಮಾತು. ಕೊಪ್ಪಳ ತಾಲ್ಲೂಕಿನವರಾಗಿ ಕಿನ್ನಾಳಕ್ಕೆ ಹೋಗದ ಹುಡುಗರು ಎಷ್ಟೋ ಜನ ಇದ್ದೀರಿ. ಚನ್ನಪಟ್ಟಣದ ಗೊಂಬೆ ನಿಮಗೆ ಗೊತ್ತು, ಮನೆ ಬಾಗಿಲಿನ ಕಿನ್ನಾಳ ಗೊತ್ತಿಲ್ಲ. ಅಲ್ಲಿ ಚಿತ್ರಗಾರರೆಂಬ ಮನೆತನಗಳಿವೆ. ಹಂಪಿಯ ವಿರೂಪಾಕ್ಷ ಗುಡಿಯ ಛತ್ತಿನ ಚಿತ್ರ, ಅಲ್ಲಿನ ಮರದ ತೇರಿನ ಕೆತ್ತನೆ ತಮ್ಮ ಹಿರಿಯರ ಕೈಯವೇ ಎಂದು ಅವರು ಹೇಳುತ್ತ ಬಂದಿದ್ದಾರೆ. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ಕೆಲಸಗಾರರು ದಿಕ್ಕುಪಾಲಾಗಿ, ಆಶ್ರಯ ಕೊಟ್ಟ ಊರುಗಳಲ್ಲಿ ನೆಲೆಸಿದರೆಂಬುದು ನಮ್ಮ ಭಾಗದ ನಂಬಿಕೆ. ಊರಿಂದೂರಿಗೆ ಹೋಗುವ ದ್ಯಾಮವ್ವ, ದುರ್ಗವ್ವರ ಮೂರ್ತಿಗಳು, ಗರುಡ, ಗಣಪತಿ, ಗೌರಿ, ಪಲ್ಲಕ್ಕಿ, ಮನೆಯ ತೊಟ್ಟಿಲು ಎಲ್ಲ ಅವರ ಕೈಯಿಂದ ಬಂದವು.

ಆ ಕೆಲಸ ಹೇಗೆ ನಡೆಯುತ್ತದೆಂದು ಒಮ್ಮೆ ಎದುರು ಕೂತು ನೋಡಿ. ಮೂರ್ತಿಯನ್ನು ಒಂದೇ ದಿಮ್ಮಿಯಲ್ಲಿ ಕೆತ್ತುವುದಿಲ್ಲ. ಹಗುರವಾದ ಕಟ್ಟಿಗೆಯಲ್ಲಿ ಭಾಗ ಭಾಗ ಮಾಡಿ ಜೋಡಿಸುತ್ತಾರೆ. ಗರುಡನಿಗೆ 12 ಭಾಗ, ಪೀಠದ ಮೇಲೆ ಕೂತ ಗಣಪತಿಗೆ 22 ಭಾಗ. ಜೋಡಿಸಲು ಹುಣಸೆ ಬೀಜದ ಅಂಟು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿದರೆ ಕಿಟ್ಟ ಎಂಬ ಹದ ಸಿಗುತ್ತದೆ. ಆ ಕಿಟ್ಟವನ್ನು ಕೈಯಿಂದಲೇ ಮೂರ್ತಿಯ ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಆ ಮೇಲೆ ನುಣ್ಣಗೆ ಅರೆದ ಕಲ್ಲಿನ ಪುಡಿಯ ಲೇಪ. ಅದೇ ಪುಡಿಗೆ ಅಂಟು ಸೇರಿಸಿ ಸರ, ಡಾಬು, ಕಿರೀಟದ ಉಬ್ಬು ಕೆಲಸ ಮಾಡುತ್ತಾರೆ. ಒಂದೊಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಬಂಗಾರದ ಹೊಳಪಿಗೆ ಲಾಜವಾರ ಎಂಬ ಲೇಪ ಕೊಡುತ್ತಾರೆ. ಕಣ್ಣು ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ಯಾವುದೂ ಅವಸರಕ್ಕೆ ಒಗ್ಗುವ ಕೆಲಸವಲ್ಲ. ಹದ ತಪ್ಪಿದರೆ ಮಳೆಗಾಲದಲ್ಲಿ ಬಣ್ಣ ಎದ್ದು ಬರುತ್ತದೆ, ಹದ ಕೂಡಿದರೆ ತಲೆಮಾರು ದಾಟಿ ನಿಲ್ಲುತ್ತದೆ.

ಹಿಂದೆ ಕಿನ್ನಾಳದವರು ನಾನಾ ಕಸುಬಿನ ಜನರ ಗೊಂಬೆಗಳನ್ನು ಮಾಡುತ್ತಿದ್ದರು. ಮಕ್ಕಳು ಅವುಗಳ ಜೊತೆ ಆಡುತ್ತ ಊರಿನಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಹೇಗೆ ಉಡುತ್ತಾರೆ ಎಂದು ಕಲಿಯುತ್ತಿದ್ದರು. ಈಗ ಜಿಐ ಟ್ಯಾಗ್ ಸಿಕ್ಕಿದೆ, ಪ್ರದರ್ಶನಗಳಿಗೆ ಕರೆ ಬರುತ್ತದೆ, ಪ್ರಶಸ್ತಿಗಳೂ ಬಂದಿವೆ. ಆದರೆ ಪ್ರಶಸ್ತಿಯ ಫಲಕದಿಂದ ಒಲೆ ಉರಿಯುವುದಿಲ್ಲ. ಉಳಿ ಹಿಡಿಯುವ ಮನೆಗಳು ಕಡಿಮೆಯಾಗುತ್ತಿವೆ. ಆ ಮನೆಗಳ ಮಕ್ಕಳು ಬೇರೆ ನೌಕರಿ ನೋಡಿಕೊಂಡರೆ ಅವರನ್ನು ದೂರುವಂತಿಲ್ಲ. ಹೊಟ್ಟೆ ತುಂಬದ ವಿದ್ಯೆಯನ್ನು ಮುಂದುವರಿಸು ಎಂದು ಇನ್ನೊಬ್ಬರ ಮಕ್ಕಳಿಗೆ ಹೇಳುವ ಹಕ್ಕು ನಮಗಿಲ್ಲ. ಕೊಳ್ಳುವವರು ನಾವು. ಬದಲಾಗಬೇಕಾದವರೂ ನಾವೇ.

ಮಗುವಿನ ಹುಟ್ಟುಹಬ್ಬಕ್ಕೆ ವಾರದಲ್ಲಿ ಮುರಿಯುವ ಪ್ಲಾಸ್ಟಿಕ್ ಕಾರು ಕೊಡಿಸುತ್ತೀರಿ, ಮದುವೆಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಅಚ್ಚಿನ ಗಣಪತಿ ಕೊಡುತ್ತೀರಿ. ಅದೇ ಹಣಕ್ಕೆ, ಇಲ್ಲವೇ ಸ್ವಲ್ಪ ಹೆಚ್ಚಿಗೆ, ಕಿನ್ನಾಳದ ಒಂದು ಗೊಂಬೆ ಸಿಗುತ್ತದೆ. ಕೊಳ್ಳುವಾಗ ಚೌಕಾಶಿ ಮಾಡಬೇಡಿ. ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲೆ ಬರೆದ ಬೆಲೆಯನ್ನು ಮರುಮಾತಿಲ್ಲದೆ ಕೊಡುವ ನಾವು, ನಾಲ್ಕಾರು ದಿನ ಕೂತು ಮಾಡಿದವನ ಹತ್ತಿರ ಐವತ್ತು ರೂಪಾಯಿಗೆ ಜಗಳಕ್ಕೆ ನಿಲ್ಲುತ್ತೇವೆ. ಇದು ಬಿಡಬೇಕಾದ ಚಾಳಿ. ಊರಿನ ದೇವರಿಗೆ ಫೈಬರಿನ ಮೂರ್ತಿ, ಅಚ್ಚಿನ ದ್ವಾರಪಾಲಕರು ಬೇಡ. ಸಣ್ಣದಾದರೂ ಸರಿ, ಕೈಯಿಂದ ಕೆತ್ತಿಸಿದ್ದನ್ನೇ ತನ್ನಿ. ಭಾನಾಪುರದ ಕಡೆ ಆಟಿಕೆ ಕಾರ್ಖಾನೆಗಳು ಬಂದಿವೆ, ನಿಮ್ಮಲ್ಲಿ ಕೆಲವರಿಗೆ ಅಲ್ಲಿ ಕೆಲಸವೂ ಸಿಗಬಹುದು, ಸಿಗಲಿ. ಅಲ್ಲಿ ದುಡಿದ ಹಣದಲ್ಲಿ ಒಂದು ಪಾಲು ಕಿನ್ನಾಳದ ಓಣಿಗೂ ಮುಟ್ಟಲಿ ಎಂದು ಮಾತ್ರ ಕೇಳುತ್ತೇನೆ.

ಚಿತ್ರ ಬಿಡಿಸುವ ಕೈ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಹುಟ್ಟಿದ ಮನೆತನ ಯಾವುದೇ ಇರಲಿ, ಹೋಗಿ ಕಲಿಯಿರಿ. ಹಿಂದೆ ವಿದ್ಯೆ ಮನೆ ದಾಟುತ್ತಿರಲಿಲ್ಲ, ಈಗ ಕಾಲ ಹಾಗಿಲ್ಲ. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳುತ್ತೇನೆ. ಕಿಟ್ಟ ಕಲಸುವುದು, ಬಣ್ಣ ತುಂಬುವುದು ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಯಲ್ಲೇ ನಡೆದು ಬಂದಿದೆ, ಹೆಸರು ಮಾತ್ರ ಗಂಡಸರದಾಗಿದೆ. ಕಂಪ್ಯೂಟರಿನಲ್ಲಿ ವಿನ್ಯಾಸ ಕಲಿತವರು ಕೆತ್ತುವವರ ಜೊತೆ ಕೂತರೆ ಇಬ್ಬರಿಗೂ ಬದುಕು ಇದೆ. ಕೆಲಸ ಕಲಿಯಲು ಹೋದವರು ಮೊದಲ ವಾರವೇ ವಿಡಿಯೊ ಮಾಡಿ ಹಾಕಲು ಅವಸರ ಪಡಬೇಡಿ. ಮೊದಲು ಉಳಿ ಮಸೆಯುವುದನ್ನು ಕಲಿಯಿರಿ.

ಮತ್ತೆ ಕನಕಗಿರಿಗೆ ಬರೋಣ. ಹೇಗೆ ನೋಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನೋಡುವುದು ಅಭ್ಯಾಸದಿಂದ ಬರುವಂಥದು. ಬೆಳಗಿನ ಹೊತ್ತು ಹೋಗಿ. ಆಗ ಬೆಳಕು ಓರೆಯಾಗಿ ಬೀಳುತ್ತದೆ, ಕೆತ್ತನೆಯ ಆಳ ಕಾಣುತ್ತದೆ. ನಡು ಮಧ್ಯಾಹ್ನ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ದೇವರಿಗೆ ಕೈ ಮುಗಿದ ಮೇಲೆ ಮೊಬೈಲನ್ನು ಕಿಸೆಗೆ ಹಾಕಿ, ಒಂದೇ ಒಂದು ಮೂರ್ತಿಯನ್ನು ಆರಿಸಿಕೊಳ್ಳಿ. ಅದರ ಮುಂದೆ ಅರ್ಧ ತಾಸು ಕೂತುಕೊಳ್ಳಿ. ತೂಕ ಯಾವ ಕಾಲಿನ ಮೇಲಿದೆ? ಕೈಯಲ್ಲಿ ಏನಿದೆ? ಒಡವೆ ಯಾವ ಕಾಲದ ಹಾಗಿದೆ, ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದ್ದೇನಾದರೂ ಇತ್ತೇ? ಮರದ ಎಳೆ ಎತ್ತ ಓಡಿದೆ, ಭಾಗಗಳನ್ನು ಎಲ್ಲಿ ಕೂಡಿಸಿದ್ದಾರೆ, ಬಣ್ಣ ಎದ್ದ ಕಡೆ ಕೆಳಗಿನ ಹಳೆಯ ಬಣ್ಣ ಯಾವುದು? ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು ಒಯ್ಯಿರಿ. ಕಂಡದ್ದನ್ನು ಬಿಡಿಸಿ. ಚೆನ್ನಾಗಿ ಬರಬೇಕೆಂದಿಲ್ಲ. ಕೈ ಓಡಿದ ಕಡೆ ಕಣ್ಣು ಓಡುತ್ತದೆ. ಫೋಟೊ ತೆಗೆದವರು ಮರೆಯುತ್ತಾರೆ, ಬಿಡಿಸಿದವರು ಮರೆಯುವುದಿಲ್ಲ. ಇದು ನಾನು ಮಕ್ಕಳಿಗೆ ಮಾಡಿಸಿ ನೋಡಿದ್ದು. ಆಮೇಲೆ ಮರದ ಮೂರ್ತಿಯಿಂದ ಕರಿಕಲ್ಲಿನ ರಾಣಿಯ ಹತ್ತಿರ ಹೋಗಿ. ಒಂದೇ ಸೆರಗನ್ನು ಕಲ್ಲಿನವನು ಹೇಗೆ ತೋರಿಸಿದ್ದಾನೆ, ಮರದವನು ಹೇಗೆ ತೋರಿಸಿದ್ದಾನೆ ಎಂದು ಹೋಲಿಸಿ ನೋಡಿ.

ಮುಟ್ಟಬೇಡಿ. ಎಲ್ಲರ ಕೈಯ ಬೆವರೂ ಎಣ್ಣೆಯೂ ಮರಕ್ಕೆ ಇಳಿಯುತ್ತದೆ. ಪೀಠದ ಮೇಲೆ ಕಾಲಿಟ್ಟು, ಮೂರ್ತಿಯ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ. ಕೆತ್ತನೆಯ ಸಂದಿಯಲ್ಲಿ ನಾಣ್ಯ ಸಿಕ್ಕಿಸುವುದು, ಕುಂಕುಮ ಮೆತ್ತುವುದು, ಹೆಸರು ಕೊರೆಯುವುದು ಯಾವ ಹರಕೆಯೂ ಅಲ್ಲ. ಕೇಂದ್ರದ ಸಂರಕ್ಷಣೆಯಲ್ಲಿರುವ ಇಟಗಿಯಂಥ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯಿದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನೌಕರಿಗೆ ಅರ್ಜಿ ಹಾಕುವ ವಯಸ್ಸಿನವರು ನೀವು, ಒಂದು ಹೆಸರು ಕೊರೆದು ಬಾಳಿಗೆ ಕೇಸು ಅಂಟಿಸಿಕೊಳ್ಳಬೇಡಿ. ಕಾಯಿದೆಯ ಭಯಕ್ಕಿಂತ ಹೆಚ್ಚಾಗಿ, ನಿಮ್ಮದೇ ಆಸ್ತಿ ಎಂಬ ಪ್ರೀತಿಯಿಂದ ಕೈ ತಡೆಯಿರಿ.

ಫಾಲ್ಗುಣದಲ್ಲಿ ಕನಕಾಚಲಪತಿಯ ಜಾತ್ರೆ. ಗರುಡೋತ್ಸವ, ತೇರು ಎಂದು ಊರು ತುಂಬಿ ತುಳುಕುತ್ತದೆ. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವುದು ನಮ್ಮ ಪದ್ಧತಿ, ಅದನ್ನು ಬಿಡಿ ಎನ್ನಲಾರೆ. ಆದರೆ ಜಾತ್ರೆ ಮುಗಿದ ಮರುದಿನ ನಿಮ್ಮೂರಿನ ತೇರಿನ ಗಡ್ಡೆಯ ಕೆತ್ತನೆಯಲ್ಲಿ ಮೆತ್ತಿದ ಹಣ್ಣನ್ನು ತೆಗೆದು ಒಣ ಬಟ್ಟೆಯಿಂದ ಒರೆಸುವವರು ಯಾರು? ಹಿಂದೆ ಅದಕ್ಕೆ ಮನೆತನಗಳಿದ್ದವು, ಸೇವೆಯೆಂದು ಮಾಡುತ್ತಿದ್ದರು. ಈಗ ತೇರು ತಗಡಿನ ಶೆಡ್ಡಿಗೆ ಹೋಗಿ ನಿಂತರೆ ಮುಂದಿನ ವರ್ಷವೇ ಬಾಗಿಲು ತೆರೆಯುವುದು. ಆ ಸೇವೆಯನ್ನು ನಿಮ್ಮ ಸಂಘ ಹಿಡಿಯಲಿ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಶೆಡ್ಡಿನ ಬಾಗಿಲು ತೆಗೆಸಿ ನೋಡಿ. ಗಾಲಿಯ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಎದ್ದಿದೆಯೇ, ಗೊಂಬೆಗಳ ಕೆಳಗೆ ಹಿಟ್ಟು ಉದುರಿದೆಯೇ? ಕಂಡರೆ ಅಂದೇ ಹಿರಿಯರಿಗೆ ತಿಳಿಸಿ, ಬಲ್ಲವರನ್ನು ಕರೆಸಿ. ನೀರು ಸೋಪು ಹಾಕಿ ತೊಳೆಯಬೇಡಿ.

ಇನ್ನೊಂದು ಮಾತು ನಿಮ್ಮ ಮನೆಯದೇ. ಯಲಬುರ್ಗಾ, ಕುಷ್ಟಗಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕೆತ್ತನೆಯ ತಲಬಾಗಿಲು, ಪಡಸಾಲೆಯ ಕಂಬ, ದೇವರ ಮನೆಯ ಮಂಟಪ ಈಗಲೂ ಇವೆ. ಇಂಥವನ್ನು ಹುಡುಕಿಕೊಂಡು ಊರೂರು ತಿರುಗುವ ವ್ಯಾಪಾರಿಗಳಿದ್ದಾರೆ. ಹಳೆಯ ಕಟ್ಟಿಗೆ, ಹುಳ ಹಿಡಿದಿದೆ, ಎನ್ನುತ್ತಾರೆ. ಹೊಸ ಬಾಗಿಲು ಕೂಡಿಸಿಕೊಡುತ್ತೇನೆ ಎನ್ನುತ್ತಾರೆ. ಮನೆಯಲ್ಲಿ ಮುದುಕರಷ್ಟೇ ಇದ್ದಾಗ ಬರುತ್ತಾರೆ. 100 ವರ್ಷ ದಾಟಿದ ಇಂಥ ಕಲಾಕೃತಿ 1972ರ ಕಾಯಿದೆಯ ಪ್ರಕಾರ ಪ್ರಾಚೀನ ವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಅಜ್ಜ ಅಜ್ಜಿಗೆ ಇದನ್ನು ತಿಳಿಸಿ ಹೇಳಿ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ದೈವಗಳ ಹಳೆಯ ಮರದ ಮೂರ್ತಿಗಳಲ್ಲಿ ಹಲವು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಸುರಕ್ಷಿತವಾಗಿವೆ, ದೊಡ್ಡ ಗೌರವದಲ್ಲಿವೆ. ಆದರೆ ಆ ಊರಿನ ಮಗು ತನ್ನ ಹಿರಿಯರು ಕೈ ಮುಗಿದ ಮೂರ್ತಿ ನೋಡಬೇಕೆಂದರೆ ರೈಲು ಹತ್ತಬೇಕು. ನಮ್ಮ ಕಡೆಯ ಮಕ್ಕಳಿಗೆ ಆ ಸ್ಥಿತಿ ಬರಬಾರದು. ವಸ್ತುಸಂಗ್ರಹಾಲಯಕ್ಕೂ ಹೋಗದೆ ಯಾರದೋ ಬಂಗಲೆಯ ಗೋಡೆಗೆ ಹೋದರೆ ಯಾರಿಗೂ ಕಾಣುವುದೇ ಇಲ್ಲ.

ನಾನು ಹೇಳಿದ್ದರಲ್ಲಿ ದೊಡ್ಡ ಹಣ ಬೇಡುವ ಕೆಲಸ ಯಾವುದೂ ಇಲ್ಲ. ನಿಮ್ಮ ವಯಸ್ಸಿನಲ್ಲಿ ಅಭ್ಯಾಸ ಬದಲಿಸುವುದು ಕಷ್ಟವೂ ಅಲ್ಲ. ನಿಂತು ನೋಡಿ ಎಂದು ಹೇಳಿಕೊಟ್ಟ ಮೇಲೆ ಮಕ್ಕಳು ತಾವಾಗಿಯೇ ನನ್ನ ಕೈ ಹಿಡಿದು ಎಳೆದು "ಇಲ್ಲಿ ನೋಡ್ರಿ, ಈ ಕುದುರಿ ಕಿವಿ ಹಿಂದಕ್ಕ ಐತಿ, ಸಿಟ್ಟಿಗೆದ್ದೈತಿ" ಎಂದು ತೋರಿಸಿದ್ದಾರೆ. ಆ ಕಣ್ಣು ನಿಮಗೂ ಇದೆ.

ಬರುವ ಫಾಲ್ಗುಣದಲ್ಲಿ ಕನಕಗಿರಿಯ ತೇರು ಎಳೆಯಲು ಬನ್ನಿ. ಮನೆಯ ಸಣ್ಣ ಮಕ್ಕಳನ್ನೂ ಕರೆತನ್ನಿ. ಗದ್ದಲ ಇಳಿದ ಮೇಲೆ ಇನ್ನೊಂದು ದಿನ ಬೆಳಿಗ್ಗೆ ಮತ್ತೆ ಹೋಗಿ ಮರದ ಮೂರ್ತಿಗಳ ಮುಂದೆ ಕೂತು ನೋಡಿ. ಅಲ್ಲಿಂದ ಕಿನ್ನಾಳಕ್ಕೆ ಹೋಗಿ, ಒಬ್ಬ ಚಿತ್ರಗಾರರ ಮನೆಯ ಬಾಗಿಲು ತಟ್ಟಿ, ಒಂದು ಗರುಡನನ್ನೋ ಗೌರಿಯನ್ನೋ ಮಾಡಿಕೊಡಿ ಎಂದು ಕೇಳಿ, ಮುಂಗಡ ಕೊಟ್ಟು ಬನ್ನಿ.